ಕರ್ನಲ್ ಕಂಪೈಲ್ ಮಾಡುವಾಗ ವೈಫೈ ಡ್ರೈವರ್‌ಗೆ 'ವೈ' ಕೊಡಬೇಕಾ, 'ಎಂ' ಕೊಡಬೇಕಾ?

'ಎಂ' ಕೊಡಿ. ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು, ಕಂಪೈಲ್ ಅಂದರೆ ಅದನ್ನು ಸೋರ್ಸ್ ಕೋಡ್‌ನಿಂದ ನಾವೇ ಕಟ್ಟಿಕೊಳ್ಳುವುದು. ಹಾರ್ಡ್‌ವೇರ್ ನಡೆಸುವ ಡ್ರೈವರ್‌ಗೆ ವೈ ಅಂದರೆ ಕರ್ನಲ್ ಒಳಗೇ ಸೇರಿಸು ಅಂತ, ಎಂ ಅಂದರೆ ಮಾಡ್ಯೂಲ್ ಅನ್ನುವ ಬೇರೆ ಫೈಲ್ ಆಗಿ ಇಡು ಅಂತ. ಆದರೆ ಅದಕ್ಕೂ ಮುಂಚೆ, ದಯವಿಟ್ಟು ಇವತ್ತು ಕಂಪೈಲ್ ಮಾಡೋದನ್ನೇ ನಿಲ್ಲಿಸಿ. ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ್ದೀರಿ, ವೈಫೈ ಬರುತ್ತಿಲ್ಲ, ಡ್ರೈವರನ್ನು ಕರ್ನಲ್ ಒಳಗೇ ಸೇರಿಸಿಬಿಡು ಅಂತ ಯಾರೋ ಹೇಳಿದ್ದಾರೆ. 2016ರಲ್ಲಿ ನಾನೂ ಹೀಗೇ ಮಾಡಲು ಹೋಗಿ ಒಂದು ಕೆಲಸದ ಅವಕಾಶ ಕಳೆದುಕೊಂಡೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆಗ ನಾನು ತಿಪಟೂರಿನಲ್ಲಿದ್ದೆ, ಇಂಜಿನಿಯರಿಂಗ್ ಕೊನೇ ವರ್ಷ. ಅಮ್ಮ ಚೀಟಿ ಎತ್ತಿ ಕೊಟ್ಟ ದುಡ್ಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡಿದ್ದೆ. ತೆಳ್ಳಗಿನದು, ಕೇಬಲ್ ಚುಚ್ಚುವ ನೆಟ್‌ವರ್ಕ್ ಪೋರ್ಟೇ ಇಲ್ಲ. ಒಳಗೆ ಇಂಟೆಲ್ 7260 ವೈಫೈ ಕಾರ್ಡ್. ಅದಕ್ಕೆ ಡೆಬಿಯನ್ 8 ಅನ್ನುವ ಲಿನಕ್ಸ್ ಹಾಕಿದೆ. ಇನ್‌ಸ್ಟಾಲ್ ಆಗುವಾಗ ಒಂದು ನೀಲಿ ಪರದೆ ಬಂದು, 'ಈ ಹಾರ್ಡ್‌ವೇರ್‌ಗೆ ಫರ್ಮ್‌ವೇರ್ ಫೈಲ್ ಬೇಕು' ಅಂತ ಫೈಲಿನ ಹೆಸರನ್ನೂ ತೋರಿಸಿ ಕೇಳಿತ್ತು. ಫರ್ಮ್‌ವೇರ್ ಅಂದರೆ ಕಾರ್ಡಿನೊಳಗೆ ಓಡುವ ಪುಟ್ಟ ಪ್ರೋಗ್ರಾಂ. ಆಗ ನನಗದು ಗೊತ್ತಿರಲಿಲ್ಲ, 'ನೋ' ಒತ್ತಿ ಮುಂದೆ ಹೋದೆ. ಆಗಿನ ಡೆಬಿಯನ್ ತನ್ನ ಡಿವಿಡಿಯಲ್ಲಿ ಮುಕ್ತವಲ್ಲದ ಫರ್ಮ್‌ವೇರ್ ಇಡುತ್ತಿರಲಿಲ್ಲ. ಅದು ಅವರ ನಿಯಮ, ಮುಚ್ಚಿಟ್ಟ ವಿಷಯವೇನಲ್ಲ. 2023ರಲ್ಲಿ ಬಂದ ಡೆಬಿಯನ್ 12ರಿಂದ ಅದು ಜೊತೆಗೇ ಬರುತ್ತದೆ.

ಇನ್‌ಸ್ಟಾಲ್ ಮುಗಿಯಿತು, ವೈಫೈ ಇಲ್ಲ. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಮಾಡಿದರೆ ನೆಟ್ ಬರುತ್ತಿತ್ತು. ಆದರೆ ಅದು ಜಿಯೋ ಬರುವ ಮುಂಚಿನ ಕಾಲ, ಒಂದು ಜಿಬಿಗೆ 250 ರೂಪಾಯಿ ಹತ್ತಿರ ಕೊಡಬೇಕಿತ್ತು. ಹಾಗಾಗಿ ಬೇಗ ವೈಫೈ ಸರಿ ಮಾಡಿಕೊಳ್ಳೋಣ ಅಂತ ಅಲ್ಲಿ ಇಲ್ಲಿ ಓದಿದೆ. ನಿಮಗೆ ಸಿಕ್ಕ ಸಲಹೆಯೇ ನನಗೂ ಸಿಕ್ಕಿತು. ಡ್ರೈವರ್ ಇಲ್ಲ, ಕರ್ನಲ್ ಕಂಪೈಲ್ ಮಾಡಬೇಕು.

ಡೆಬಿಯನ್‌ನವರದೇ 3.16 ಕರ್ನಲ್ ಸೋರ್ಸ್ ಇಳಿಸಿಕೊಂಡು 'ಮೇಕ್ ಮೆನುಕಾನ್ಫಿಗ್' ಕೊಟ್ಟೆ, ಕರ್ನಲ್‌ನಲ್ಲಿ ಏನೇನು ಇರಬೇಕು ಅಂತ ಆರಿಸುವ ಮೆನು ಅದು. ವೈರ್‌ಲೆಸ್ ಪಟ್ಟಿಯಲ್ಲಿ ಇಂಟೆಲ್ ಡ್ರೈವರ್ ಇತ್ತು! ಅದರ ಪಕ್ಕದಲ್ಲಿ ಎಂ ಅಂತಿತ್ತು. ಡ್ರೈವರ್ ಮೊದಲಿಂದಲೂ ನನ್ನ ಹತ್ತಿರ ಇದೆ ಅನ್ನೋದು ಅಲ್ಲೇ ಗೊತ್ತಾಗಬೇಕಿತ್ತು. ನಾನು ಅಂದುಕೊಂಡದ್ದೇ ಬೇರೆ. ಎಂ ಅಂದರೆ ಅರ್ಧ ಹಾಕಿದ ಹಾಗೆ, ವೈ ಅಂದರೆ ಪೂರ್ತಿ ಹಾಕಿದ ಹಾಗೆ. ಪೂರ್ತಿ ಹಾಕಿದರೆ ಗಟ್ಟಿ, ಅಲ್ವಾ?

ಮೆನು ಮೊದಲಿಗೆ ಒಪ್ಪಲಿಲ್ಲ. ವೈ ಒತ್ತಿದರೂ ಎಂ ಅಲ್ಲೇ ನಿಲ್ಲುತ್ತಿತ್ತು. ಆ ಡ್ರೈವರ್ ಸಿಎಫ್‌ಜಿ80211, ಮ್ಯಾಕ್80211 ಅನ್ನುವ ಕರ್ನಲ್‌ನ ಎರಡು ವೈಫೈ ಭಾಗಗಳ ಮೇಲೆ ನಿಂತಿದೆ. ಅವು ಎಂ ಆಗಿರುವಾಗ ಇದೊಂದನ್ನೇ ವೈ ಮಾಡಲು ಬರುವುದಿಲ್ಲ. ನಾನು ಬಿಡಲಿಲ್ಲ. ಇನ್ನೊಂದು ಮೆನುವಿಗೆ ಹೋಗಿ ಅವನ್ನೂ, ಆರ್‌ಎಫ್‌ಕಿಲ್ (ವೈರ್‌ಲೆಸ್ ಆನ್-ಆಫ್ ನೋಡಿಕೊಳ್ಳುವ ಭಾಗ) ಅನ್ನೂ ವೈ ಮಾಡಿ ಬಂದೆ. ಜೊತೆಗೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಇಲ್ಲದ್ದೆಲ್ಲ ಯಾಕೆ ಅಂತ 'ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ಸ್' ಅನ್ನುವ ಇಡೀ ಪಟ್ಟಿಯನ್ನು ತೆಗೆದುಹಾಕಿದೆ. ಫೋನಿನ ಟೆದರಿಂಗ್ ನಡೆಯುವುದು ಅದೇ ಪಟ್ಟಿಯ ಡ್ರೈವರ್‌ನಿಂದ. ಕೇಬಲ್ ಪಕ್ಕದಲ್ಲೇ ಚುಚ್ಚಿಕೊಂಡಿತ್ತು, ಆದರೂ ಹೊಳೆಯಲಿಲ್ಲ.

ಎರಡೂವರೆ ಗಂಟೆ ಕಂಪೈಲ್ ಆಯಿತು. ಕರ್ನಲ್ ಇಡುವ ಬೂಟ್ ಪಾರ್ಟಿಷನ್ ಚಿಕ್ಕದಾಗಿತ್ತು, ಹೊಸ ಕರ್ನಲ್‌ಗೆ ಜಾಗ ಸಾಲಲಿಲ್ಲ. ಹಳೇದನ್ನು ಅಳಿಸಿದೆ. ರೀಬೂಟ್ ಮಾಡಿದೆ. ವೈಫೈ ಇಲ್ಲ. ಟೆದರಿಂಗೂ ಇಲ್ಲ.

ಇದಾದದ್ದು ಒಂದು ಬುಧವಾರ. ಆ ಭಾನುವಾರ ಬೆಳಿಗ್ಗೆ 10 ಗಂಟೆಗೆ ಒಂದು ಕಂಪನಿಯ ಆನ್‌ಲೈನ್ ಟೆಸ್ಟ್ ಇತ್ತು.

ಈಗ ಬರುವುದು ನನ್ನ ನಿಜವಾದ ತಪ್ಪು. ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ನೀವು ಕೇಳಿದ ಪ್ರಶ್ನೆಯೇ ಇದು.

ಡಿಮೆಸ್ಗ್, ಅಂದರೆ ಕರ್ನಲ್ ಬರೆದಿಡುವ ಸಂದೇಶಗಳ ಪಟ್ಟಿ, ತೆಗೆದು ನೋಡಿದರೆ ಒಂದು ಸಾಲು ಕಾಣುತ್ತಿತ್ತು. ಇಂಟೆಲ್ ಡ್ರೈವರಿನ ಹೆಸರು, ಆಮೇಲೆ 'ಡೈರೆಕ್ಟ್ ಫರ್ಮ್‌ವೇರ್ ಲೋಡ್ ಫೇಲ್ಡ್ ವಿತ್ ಎರರ್ ಮೈನಸ್ 2'. ಮೈನಸ್ 2 ಅಂದರೆ 'ಆ ಹೆಸರಿನ ಫೈಲ್ ಇಲ್ಲ' ಅಂತ. ಡ್ರೈವರ್ ಬೇರೆ, ಫರ್ಮ್‌ವೇರ್ ಬೇರೆ ಅನ್ನೋದು ನನಗೆ ಅವತ್ತೇ ತಿಳಿದದ್ದು. ಡ್ರೈವರ್ ಓಡುವುದು ನಮ್ಮ ಪ್ರೊಸೆಸರ್ ಮೇಲೆ. ಫರ್ಮ್‌ವೇರ್ ಓಡುವುದು ಆ ಕಾರ್ಡಿನೊಳಗಿನ ಪುಟ್ಟ ಪ್ರೊಸೆಸರ್ ಮೇಲೆ. ಕಾರ್ಡ್ ಅದನ್ನು ತನ್ನಲ್ಲಿ ಉಳಿಸಿಕೊಳ್ಳುವುದಿಲ್ಲ. ಪ್ರತಿ ಸಲ ಆನ್ ಆದಾಗಲೂ ಡ್ರೈವರ್ ಡಿಸ್ಕಿನಿಂದ ಆ ಫೈಲ್ ತಂದು ಕಾರ್ಡಿಗೆ ತುಂಬಬೇಕು.

ಸರಿ, ಫೈಲ್ ತಾನೇ ಇಲ್ಲದ್ದು, ಮರುದಿನ ಕಾಲೇಜ್ ಲ್ಯಾಬಿಗೆ ಹೋಗಿ ಫರ್ಮ್‌ವೇರ್ ಪ್ಯಾಕೇಜ್ ಇಳಿಸಿ ಪೆನ್‌ಡ್ರೈವಿನಲ್ಲಿ ತಂದೆ. ಹಾಕಿದೆ. ರೀಬೂಟ್. ಮತ್ತೆ ಅದೇ ಸಾಲು, ಅದೇ ಮೈನಸ್ 2. ಫರ್ಮ್‌ವೇರ್ ಫೋಲ್ಡರ್ ತೆಗೆದು ನೋಡಿದೆ. ಫೈಲ್ ಇದೆ. ಡಿಮೆಸ್ಗ್ ಕೇಳುತ್ತಿರುವ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಕ್ಷರ ಅಕ್ಷರ ಹೋಲಿಸಿದೆ. ಅದೇ ಹೆಸರು. ಕಣ್ಣೆದುರು ಇರುವ ಫೈಲನ್ನು ಕರ್ನಲ್ ಇಲ್ಲ ಅನ್ನುತ್ತಿದೆ.

ಇನ್ನೇನಿರುತ್ತದೆ, ಕಾರ್ಡೇ ಕೆಟ್ಟಿದೆ ಅಂತ ತೀರ್ಮಾನ ಮಾಡಿದೆ. ಶನಿವಾರ ರಿಪೇರಿ ಅಂಗಡಿಯಲ್ಲಿ 1,600 ರೂಪಾಯಿ ಕೊಟ್ಟು ಅಂಥದ್ದೇ ಇನ್ನೊಂದು 7260 ಕಾರ್ಡ್ ಹಾಕಿಸಿದೆ. ಅಂಗಡಿಯವರದು ಏನೂ ತಪ್ಪಿಲ್ಲ, ಬದಲಾಯಿಸಿ ಅಂದವನು ನಾನೇ. ರಾತ್ರಿ ಮನೆಗೆ ಬಂದು ಆನ್ ಮಾಡಿದೆ. ಮೈನಸ್ 2. ಭಾನುವಾರ ಬೆಳಿಗ್ಗೆ ಸೈಬರ್ ಸೆಂಟರಿಗೆ ಓಡಿದೆ, ಅದು ತೆಗೆಯುವುದು 11ಕ್ಕೆ. ಟೆಸ್ಟ್ ಹೋಯಿತು. ಕಾರ್ಡಿಗೆ ಅಂತ 1,600 ಇಸಕೊಂಡಿದ್ದು ಅಮ್ಮನ ಹತ್ತಿರ. ಸಂಜೆ ಅಮ್ಮ 'ಟೆಸ್ಟ್ ಹೆಂಗಾಯ್ತು ಮಗಾ?' ಅಂದಾಗ ಏನು ಹೇಳಲಿ ಅಂತ ಗೊತ್ತಾಗಲಿಲ್ಲ.

ಸೋಮವಾರ ಲ್ಯಾಪ್‌ಟಾಪ್ ಎತ್ತಿಕೊಂಡು ಲ್ಯಾಬಿನ ಮೇಡಂ ಹತ್ತಿರ ಹೋದೆ. ಅವರು ನನ್ನ ಕಥೆ ಪೂರ್ತಿ ಕೇಳಲೂ ಇಲ್ಲ. ಡಿಮೆಸ್ಗ್ ತೆಗೆದರು. ಪ್ರತಿ ಸಾಲಿನ ಮೊದಲಲ್ಲಿ ಒಂದು ಸಂಖ್ಯೆ ಇರುತ್ತದಲ್ಲ, ಕರ್ನಲ್ ಶುರುವಾಗಿ ಎಷ್ಟು ಸೆಕೆಂಡ್ ಆಯಿತು ಅಂತ, ಅದರ ಮೇಲೆ ಪೆನ್ನಿನ ಕ್ಯಾಪ್ ಇಟ್ಟು ತೋರಿಸಿದರು.

'ನೋಡಪ್ಪ, ಫರ್ಮ್‌ವೇರ್ ಸಿಗಲಿಲ್ಲ ಅಂದದ್ದು ಯಾವಾಗ?'

'1.87, ಮೇಡಂ.'

'ಕೆಳಗೆ ಬಾ. ನಿನ್ನ ಡಿಸ್ಕ್ ತೆರೆದುಕೊಂಡದ್ದು, ಅಂದರೆ ಮೌಂಟ್ ಆದದ್ದು?'

'4.12.'

'ಮತ್ತೆ 1.87ರಲ್ಲಿ ಆ ಫೈಲ್ ಎಲ್ಲಿಂದ ಬರಬೇಕು?'

ಅಷ್ಟೇ. ವೈ ಮತ್ತು ಎಂ ನಡುವಿನ ವ್ಯತ್ಯಾಸ ಪೂರ್ತಿ ಇಲ್ಲೇ ಇದೆ. ವೈ ಕೊಟ್ಟರೆ ಡ್ರೈವರ್ ಕರ್ನಲ್ ಜೊತೆಗೇ ಎಚ್ಚರವಾಗುತ್ತದೆ. ಆಗ ಇನ್ನೂ ನಿಮ್ಮ ಡಿಸ್ಕ್ ತೆರೆದಿರುವುದಿಲ್ಲ. ಕಾರ್ಡ್ ಕಂಡ ತಕ್ಷಣ ಅದು ಫರ್ಮ್‌ವೇರ್ ಕೇಳುತ್ತದೆ, ಸಿಗುವುದಿಲ್ಲ, ಕೈಬಿಡುತ್ತದೆ. ಆಮೇಲೆ ಡಿಸ್ಕ್ ತೆರೆದರೂ ತಾನಾಗಿ ಮತ್ತೆ ಕೇಳುವುದಿಲ್ಲ. ಮದುವೆ ಮನೆಗೆ ಅಡಿಗೆ ಭಟ್ಟರು ಬೆಳಗಿನ ಜಾವ ಮೂರಕ್ಕೇ ಬಂದರು, ಉಗ್ರಾಣದ ಬೀಗ ತೆಗೆಯುವುದು ಐದಕ್ಕೆ. ಸಾಮಾನು ಇಲ್ಲ ಅಂತ ಭಟ್ಟರು ಬಸ್ಸು ಹತ್ತಿ ಹೋದರು. ಅಕ್ಕಿ ಬೇಳೆ ಎಲ್ಲ ಒಳಗೇ ಇತ್ತು. ನಾನು ಮಾಡಿದ್ದು, ಮೂರಕ್ಕೇ ಬರುವ ಇನ್ನೊಬ್ಬ ಭಟ್ಟರನ್ನು 1,600 ಕೊಟ್ಟು ಕರೆಸಿದ್ದು.

ಎಂ ಕೊಟ್ಟರೆ ಡ್ರೈವರ್ ಡಿಸ್ಕಿನಲ್ಲೇ ಒಂದು ಮಾಡ್ಯೂಲ್ ಫೈಲ್ ಆಗಿ ಕೂತಿರುತ್ತದೆ. ಡಿಸ್ಕ್ ಮೌಂಟ್ ಆದ ಮೇಲೆ ಹಾರ್ಡ್‌ವೇರ್ ಗುರುತಿಸುವ ಯುಡೆವ್ ಅನ್ನುವ ಪ್ರೋಗ್ರಾಂ ಅದನ್ನು ಎಬ್ಬಿಸುತ್ತದೆ. ಅಷ್ಟರಲ್ಲಿ ಫರ್ಮ್‌ವೇರ್ ಕೂಡ ಕೈಗೆ ಸಿಗುವ ಹಾಗಿರುತ್ತದೆ. ಮೇಡಂ ನನ್ನ ಕರ್ನಲ್ ಪಕ್ಕಕ್ಕಿಟ್ಟು ಡೆಬಿಯನ್‌ನ ಮಾಮೂಲಿ ಕರ್ನಲ್ ಪ್ಯಾಕೇಜನ್ನು ಪೆನ್‌ಡ್ರೈವಿನಿಂದ ಹಾಕಿದರು. ಐದು ನಿಮಿಷದಲ್ಲಿ ಕಾಲೇಜಿನ ವೈಫೈ ಹೆಸರುಗಳು ಕಾಣಿಸಿದವು. ಹಳೇ ಕಾರ್ಡನ್ನೂ ಸಿಕ್ಕಿಸಿ ನೋಡಿದೆವು, ಅದೂ ಚೆನ್ನಾಗೇ ಇತ್ತು.

ನನ್ನ ಹೊಟ್ಟೆ ಉರಿಯುವುದು ಒಂದಕ್ಕೇ. ನಾನು ವೈ ಕೊಡದೆ ಇದ್ದಿದ್ದರೆ, ಗುರುವಾರ ಪೆನ್‌ಡ್ರೈವಿನಲ್ಲಿ ತಂದ ಆ ಫೈಲೇ ಕೆಲಸ ಮುಗಿಸುತ್ತಿತ್ತು. ಔಷಧಿ ಸರಿಯಾದದ್ದೇ ತಂದಿದ್ದೆ, ಹಿಂದಿನ ದಿನ ಮಾಡಿಟ್ಟ ಬದಲಾವಣೆಯಿಂದ ಅದು ತಪ್ಪು ಔಷಧಿ ಥರ ಕಂಡಿತು. ಬರೀ ಎರಡೂವರೆ ಗಂಟೆ ಹಾಳಾಗಿದ್ದರೆ ಮರೆತುಬಿಡುತ್ತಿದ್ದೆ.

ಈಗ ನಿಮ್ಮ ವಿಷಯ. ವೈ ಕೊಟ್ಟರೆ ಸ್ಪೀಡ್ ಜಾಸ್ತಿ ಅಂತಲೂ ಕೇಳಿದ್ದೀರಿ. ದಿನದ ಬಳಕೆಯಲ್ಲಿ ನಿಮಗೆ ತಿಳಿಯುವಷ್ಟು ವ್ಯತ್ಯಾಸ ಆಗುವುದಿಲ್ಲ, ಆ ಆಸೆ ಬಿಡಿ. ಡಿಸ್ಕ್ ತೆರೆಯಲು ಬೇಕಾದದ್ದಕ್ಕೆ, ಅಂದರೆ ಎನ್‌ವಿಎಂಇ ಅಥವಾ ಸಾಟಾ ಡ್ರೈವರ್, ಎಕ್ಸ್‌ಟ್4 ಫೈಲ್‌ಸಿಸ್ಟಂ, ಇವಕ್ಕೆ ವೈ ಕೊಟ್ಟರೆ ಅರ್ಥವಿದೆ. ಫರ್ಮ್‌ವೇರ್ ಕೇಳುವ ಯಾವುದಕ್ಕೂ, ವೈಫೈ, ಬ್ಲೂಟೂತ್, ಎಎಂಡಿ ಗ್ರಾಫಿಕ್ಸ್, ಎಂ ಬಿಟ್ಟು ಬೇರೆ ಕೊಡಬೇಡಿ. ಎಎಂಡಿ ಗ್ರಾಫಿಕ್ಸ್‌ನಲ್ಲಿ ಇದೇ ತಪ್ಪು ಮಾಡಿದರೆ ಪರದೆಯೇ ಕಪ್ಪಾಗಬಹುದು. ಫರ್ಮ್‌ವೇರನ್ನೂ ಕರ್ನಲ್ ಒಳಗೇ ಹೊಲಿಯುವ 'ಎಕ್ಸ್‌ಟ್ರಾ ಫರ್ಮ್‌ವೇರ್' ಅನ್ನುವ ಆಯ್ಕೆ ಇದೆ, ಇನಿಟ್‌ರಾಮ್‌ಎಫ್‌ಎಸ್‌ಗೆ (ಡಿಸ್ಕ್ ತೆರೆಯುವ ಮುಂಚೆಯೇ ಮೆಮೊರಿಗೆ ಬರುವ ಪುಟ್ಟ ಫೈಲ್ ಗಂಟು) ಸೇರಿಸುವ ದಾರಿಯೂ ಇದೆ. ಮನೆಯ ಒಂದು ಲ್ಯಾಪ್‌ಟಾಪ್‌ಗೆ ಆ ತಲೆನೋವು ಯಾಕೆ?

ಆದರೆ ನಿಮ್ಮ ಪ್ರಶ್ನೆಯೇ ಬೇರೆ ಇರಬೇಕಿತ್ತು ಅಂತ ನನ್ನ ಅನಿಸಿಕೆ. 'ಲ್ಯಾಪ್‌ಟಾಪ್ ವೈಫೈಗೆ ಡ್ರೈವರ್ ಇಲ್ಲ' ಅಂತ ನಿಮಗೆ ಹೇಳಿದವರು ಯಾರು? ಅದನ್ನು ನೀವು ನೋಡಿದಿರಾ? 'ಎಲ್‌ಎಸ್‌ಪಿಸಿಐ' ಅನ್ನುವ, ಒಳಗಿನ ಕಾರ್ಡುಗಳನ್ನು ಪಟ್ಟಿ ಮಾಡುವ ಆಜ್ಞೆಗೆ ಎನ್‌ಎನ್‌ಕೆ ಅನ್ನುವ ಆಯ್ಕೆ ಕೊಟ್ಟು ಓಡಿಸಿ. ವೈಫೈ ಕಾರ್ಡಿನ ಕೆಳಗೆ 'ಕರ್ನಲ್ ಮಾಡ್ಯೂಲ್ಸ್' ಅಂತ ಒಂದು ಹೆಸರು ಬಂದರೆ ಡ್ರೈವರ್ ಇದೆ ಅಂತ ಅರ್ಥ. ಕಂಪೈಲ್ ಮಾತೇ ಬೇಡ, ಡಿಮೆಸ್ಗ್‌ನಲ್ಲಿ ಅದು ಏನು ಕೇಳುತ್ತಿದೆ ನೋಡಿ. ಮೈನಸ್ 2 ಇದ್ದರೆ ಫರ್ಮ್‌ವೇರ್ ಪ್ಯಾಕೇಜ್ ಹಾಕಿ ಮುಗಿಸಿ. ರಿಯಲ್‌ಟೆಕ್ 8723ಬಿಇ ಕಾರ್ಡ್ ಆಗಿದ್ದು, ರೂಟರ್ ಪಕ್ಕದಲ್ಲೇ ಕೂತರೂ ಒಂದೇ ಕಡ್ಡಿ ಬರುತ್ತಿದ್ದರೆ, ಅದು ಆಂಟೆನಾ ಆಯ್ಕೆಯ ತೊಂದರೆ ಇರಬಹುದು. ಲ್ಯಾಪ್‌ಟಾಪ್ ಒಳಗೆ ಒಂದೇ ಆಂಟೆನಾ ವೈರ್ ಸಿಕ್ಕಿಸಿರುತ್ತಾರೆ, ಡ್ರೈವರ್ ಇನ್ನೊಂದು ಕಡೆ ಕಿವಿ ಕೊಟ್ಟಿರುತ್ತದೆ. ಮಾಡ್ಯೂಲ್‌ಗಳ ಆಯ್ಕೆ ಬರೆದಿಡುವ ಮಾಡ್‌ಪ್ರೋಬ್ ಫೋಲ್ಡರಿನಲ್ಲಿ 'ಆಂಟ್‌ಸೆಲ್' ಆಯ್ಕೆಗೆ 1 ಅಥವಾ 2 ಬರೆದು ರೀಬೂಟ್ ಮಾಡಿದರೆ ಸಾಕು. ಬ್ರಾಡ್‌ಕಾಮ್‌ನ ಕೆಲವು ಕಾರ್ಡುಗಳಿಗೆ ಬೇರೆ ಡ್ರೈವರ್ ಹಾಕಬೇಕಾಗುತ್ತದೆ. ಅದು ಡಿಕೆಎಂಎಸ್ ಅನ್ನುವ ಸಾಧನದ ಮೂಲಕ ತಾನಾಗಿ ಕಂಪೈಲ್ ಆಗುತ್ತದೆ, ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ, ಅಷ್ಟು ನೆನಪಿಡಿ. ಮಾಡ್ಯೂಲ್ ಹೆಸರೇ ಬರದಿದ್ದರೆ ಲ್ಯಾಪ್‌ಟಾಪ್ ತೀರಾ ಹೊಸದಿರಬಹುದು. ಆಗಲೂ ನೀವು ಕಂಪೈಲ್ ಮಾಡಬೇಡಿ, ಡೆಬಿಯನ್ ಆದರೆ ಅದರದೇ ಹೆಚ್ಚುವರಿ ಪ್ಯಾಕೇಜ್ ಭಂಡಾರವಾದ ಬ್ಯಾಕ್‌ಪೋರ್ಟ್ಸ್‌ನಲ್ಲಿ ಹೊಸ ಕರ್ನಲ್ ಸಿದ್ಧವಾಗಿ ಸಿಗುತ್ತದೆ.

ಕಲಿಯಲಿಕ್ಕೇ ಕಂಪೈಲ್ ಮಾಡುತ್ತೀರಾದರೆ ಖಂಡಿತ ಮಾಡಿ, ನಾನೂ ಆಮೇಲೆ ಎಷ್ಟೋ ಸಲ ಮಾಡಿದ್ದೇನೆ. ಹಳೇ ಕರ್ನಲ್ ಮಾತ್ರ ಅಳಿಸಬೇಡಿ. 'ಲೋಕಲ್‌ಮಾಡ್‌ಕಾನ್ಫಿಗ್' ಬಳಸುವುದಾದರೆ, ಅದು ಆ ಕ್ಷಣದಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಉಳಿಸಿ ಬೇರೆ ಮಾಡ್ಯೂಲ್‌ಗಳನ್ನು ತೆಗೆಯುತ್ತದೆ. ಹಾಗಾಗಿ ಮೊದಲು ಫೋನ್ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿ, ಪೆನ್‌ಡ್ರೈವ್, ಮೌಸ್, ಪ್ರೊಜೆಕ್ಟರ್ ಕೇಬಲ್, ವರ್ಷಕ್ಕೊಮ್ಮೆ ಬಳಸುವುದನ್ನೂ ಸೇರಿಸಿ ಎಲ್ಲ ಚುಚ್ಚಿ, ಆಮೇಲೆ ಅದನ್ನು ಓಡಿಸಿ.

ಸದ್ಯಕ್ಕೆ ನಿಮ್ಮಿಂದ ಎರಡೇ ವಿಷಯ ಬೇಕು. ಎಲ್‌ಎಸ್‌ಪಿಸಿಐನಲ್ಲಿ ವೈಫೈ ಕಾರ್ಡಿನ ಭಾಗ, ಡಿಮೆಸ್ಗ್‌ನಲ್ಲಿ ಫರ್ಮ್‌ವೇರ್ ಅನ್ನುವ ಪದ ಇರುವ ಸಾಲುಗಳು. ಸಾಲಿನ ಮೊದಲಿನ ಆ ಸೆಕೆಂಡ್ ಸಂಖ್ಯೆ ಕತ್ತರಿಸದೆ ಹಾಗೇ ಇಲ್ಲಿ ಹಾಕಿ. ರಾತ್ರಿ ಊಟ ಆದ ಮೇಲೆ ಕೂತು ನೋಡುತ್ತೇನೆ.