ಅರಬಿ ವಾಸನೆ ಮತ್ತು ಮೇಷ್ಟ್ರ ತಕರಾರು

(ಶಿರಸಿಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: ‘ಮಧ್ಯಯುಗದ ಯೆಹೂದಿ ಅನುವಾದಕ ಶಮೂಯೆಲ್ ಇಬ್ನ್ ತಿಬ್ಬೋನನ ಹೀಬ್ರೂನಲ್ಲಿ ಅರಬಿಯ ವಾಕ್ಯಗಳೇ ಇಣುಕುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ನೀವೇ ಬರೆದಿರಿ. ಮತ್ತೆ ಹೊಗಳಿಕೆ ಏಕೆ? ಅಸಲು ಭಾಷೆಯ ವಾಸನೆ ಹೊಡೆಯುವ ಅನುವಾದಕ್ಕೆ ನನ್ನ ತಕರಾರಿದೆ.’)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಬೆನ್ನಿಗೆ ಸಾಕ್ಷಾತ್ ಯೆಹೂದಿ ತತ್ತ್ವಜ್ಞಾನಿ ಮೈಮೋನಿದೆಸನೇ ಇದ್ದಾನೆ. ಹೀಬ್ರೂ ಲಿಪಿಯಲ್ಲಿ, ಅರಬಿ ಭಾಷೆಯಲ್ಲಿ ತಾನು ಬರೆದ ತತ್ತ್ವಗ್ರಂಥವನ್ನು ಅನುವಾದಿಸುತ್ತಿದ್ದ ಶಮೂಯೆಲನಿಗೆ 1199ರಲ್ಲಿ ಈಜಿಪ್ಟಿನಿಂದ ಕಾಗದ ಬರೆದು, ಪದಕ್ಕೆ ಪದ ಇಟ್ಟರೆ ಕೆಡುತ್ತದೆ, ಮೊದಲು ಅರ್ಥ ಹಿಡಿ ಎಂದಿದ್ದ. ಅದೇ ಗ್ರಂಥಕ್ಕೆ ಕವಿ ಅಲ್-ಹರೀಜಿ ಮಾಡಿದ ಅನುವಾದ ಸೊಗಸಾಗಿದೆ. ಒಪ್ಪಿದೆ.

ಆದರೂ ಯೆಹೂದಿ ಪಂಡಿತರು ತಲೆಮಾರುಗಟ್ಟಲೆ ಪಟ್ಟು ಹಿಡಿದು ಓದಿದ್ದು 1204ರಲ್ಲಿ ಮುಗಿದ ಶಮೂಯೆಲನ ಒರಟು ಅನುವಾದವನ್ನೇ. ತತ್ತ್ವಶಾಸ್ತ್ರಕ್ಕೆ ಬೇಕಾದ ಪದಗಳು ಹೀಬ್ರೂನಲ್ಲಿ ಸಾಲುತ್ತಿರಲಿಲ್ಲ. ಹೊಸ ಪದಗಳನ್ನು ವಿವರಿಸಲೆಂದೇ ಅವನೊಂದು ಕೋಶ ಬರೆದ. ಅರಬಿಯ ‘ಮರ್ಕಜ್’ ಮಧ್ಯಯುಗದ ಹೀಬ್ರೂಗೆ ‘ಮೆರ್ಕಾಜ್’ ಆಗಿ ಬಂತು, ಅಂದರೆ ಕೇಂದ್ರ. ಇವತ್ತು ಟೆಲ್ ಅವೀವ್‌ನ ಕೇಂದ್ರ ಬಸ್ ನಿಲ್ದಾಣದ ಹೆಸರಿನಲ್ಲೇ ಅದು ಕೂತಿದೆ. ಅಷ್ಟೇಕೆ, ನಿಮ್ಮ ‘ಅಸಲು’, ‘ತಕರಾರು’ ಎರಡೂ ಅರಬಿಯವೇ. ಶಿರಸಿಯಲ್ಲಿ ಯಾರಿಗಾದರೂ ವಾಸನೆ ಬಂತೇ?

ಶಮೂಯೆಲನ ಅಪ್ಪ ಯೆಹೂದಾ ಗ್ರಾನಡಾದಲ್ಲಿ ಹುಟ್ಟಿ ದಕ್ಷಿಣ ಫ್ರಾನ್ಸಿನ ಲೂನೆಲ್ ಸೇರಿದ ವೈದ್ಯ, ಅವನೂ ಅನುವಾದಕ. ಮಗನಿಗೆ ಬರೆದಿಟ್ಟ ಬುದ್ಧಿಮಾತಿನ ತುಂಬ ಗೊಣಗಾಟ: ಅರಬಿ ಕಲಿಕೆಯಲ್ಲಿ ಅಸಡ್ಡೆ ಮಾಡಿದೆ, ಕಪಾಟಿಗೆ ಒಳ್ಳೆಯ ಹೊದಿಕೆ ಹಾಕು, ಪುಸ್ತಕಕ್ಕೆ ತೇವ, ಇಲಿ ತಾಗದಿರಲಿ, ಹೀಬ್ರೂ ಪುಸ್ತಕಗಳನ್ನು ತಿಂಗಳಿಗೊಮ್ಮೆ, ಅರಬಿಯವನ್ನು ಎರಡು ತಿಂಗಳಿಗೊಮ್ಮೆ ತೆಗೆದು ನೋಡು, ಎರವಲು ಕೊಟ್ಟದ್ದನ್ನು ಬರೆದಿಡು, ವರ್ಷದ ಎರಡು ದೊಡ್ಡ ಹಬ್ಬಗಳಿಗೆ ಎಲ್ಲವನ್ನೂ ವಾಪಸ್ ತರಿಸು. ಗೊಣಗುವ ಇಂಥ ಅಪ್ಪ ಸಿಕ್ಕರೆ ಅನುವಾದಕ ಆಗದೆ ಇನ್ನೇನಾದಾನು!

ನಮ್ಮಲ್ಲಿ ಅನುವಾದಕನಿಗೆ ಬುದ್ಧಿ ಹೇಳಲು ಎಲ್ಲರೂ ಸಿದ್ಧ, ದುಡ್ಡು ಕೊಡಲು ಮಾತ್ರ ಯಾರೂ ಇಲ್ಲ. ಮುಖಪುಟದಲ್ಲಿ ಅವನ ಹೆಸರು ಹುಡುಕಲು ಭೂತಗನ್ನಡಿ ಬೇಕು. ನಾನೇ ಎರಡು ವರ್ಷ ಕೂತು ಮಾಡಿದ ಅನುವಾದಕ್ಕೆ ಪ್ರಕಾಶಕರೊಬ್ಬರು ಗೌರವಧನವೆಂದು ಕೊಟ್ಟದ್ದು ಅದೇ ಪುಸ್ತಕದ ಹತ್ತು ಪ್ರತಿ. ಎಂಟು ಇನ್ನೂ ಮನೆಯಲ್ಲಿವೆ. ನಿಮಗೊಂದು ಕಳಿಸುತ್ತೇನೆ ಮೇಷ್ಟ್ರೇ. ದೀಪಾವಳಿಗೆ ವಾಪಸ್ ಕೇಳುವುದಿಲ್ಲ.

— ಸಂ.