ಓದುಗರ ಪ್ರಶ್ನೆ: ದುಡ್ಡು ಕಟ್ಟಿ ತಿಮಿಂಗಿಲ ಎಣಿಸಲು ಹೋಗಬೇಕಾ?

ಪ್ರಶ್ನೆ: ನನ್ನ ಮಗಳು ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದಾಳೆ. ಸ್ಕಾಟ್‌ಲೆಂಡಿನಲ್ಲಿ ಹಾಯಿದೋಣಿ ಮೇಲೆ ತಿಮಿಂಗಿಲ, ಡಾಲ್ಫಿನ್ ಸಂಶೋಧನೆ ನಡೆಯುತ್ತದಂತೆ. ಅಲ್ಲಿಗೆ ಸ್ವಯಂಸೇವಕಿಯಾಗಿ ಹೋಗಬೇಕು ಅಂತ ಹಟ ಹಿಡಿದಿದ್ದಾಳೆ. ಸಂಬಳ ಇಲ್ಲ, ನಾವೇ ದುಡ್ಡು ಕಟ್ಟಬೇಕಂತೆ. ಕೆಲಸ ಮಾಡುವವರೇ ದುಡ್ಡು ಕೊಡುವುದು ಎಲ್ಲಾದರೂ ಇದೆಯಾ ಮೇಡಂ? ನಮ್ಮದು ಕಬ್ಬಿನ ಬೇಸಾಯ. ಈ ಸಲದ ಬಿಲ್ಲು ಕೈಗೆ ಬಂದರೆ ಹೇಗೋ ಕಳಿಸಬಹುದು. ಇದರಲ್ಲಿ ಮೋಸ ಇರಬಹುದಾ? ಹೆಣ್ಣುಮಗಳು ಒಬ್ಬಳೇ ಹೋಗುವುದು ಸರಿಯಾ? ಹೋಗಿ ಅವಳು ಮಾಡುವುದಾದರೂ ಏನು?
ಒಬ್ಬ ತಂದೆ, ಪಾಂಡವಪುರ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಪಾಠ ಹೇಳುವ ಕೆಲಸದಿಂದ ನಿವೃತ್ತಳಾದ ಮೇಲೆ ನಾನೂ ಅದೇ ಕರಾವಳಿಯಲ್ಲಿ ಇಂಥ ದೋಣಿ ಹತ್ತಿದ್ದೆ. ಹಾಗಾಗಿ ಕಣ್ಣಾರೆ ಕಂಡದ್ದನ್ನೇ ಬರೆಯುತ್ತಿದ್ದೇನೆ.

ಅಲ್ಲಿ ಅವಳು ಮಾಡುವುದು ನೋಡುವ ಕೆಲಸ. ದೋಣಿಯ ಮುಂಭಾಗದಲ್ಲಿ ಇಬ್ಬರು ನಿಲ್ಲುತ್ತಾರೆ. ಒಬ್ಬರು ಎಡಗಡೆ ಸಮುದ್ರ ನೋಡಬೇಕು, ಇನ್ನೊಬ್ಬರು ಬಲಗಡೆ. ಬರಿಗಣ್ಣಿನಲ್ಲಿ ಮುಂದಿನಿಂದ ಪಕ್ಕಕ್ಕೆ, ಮತ್ತೆ ಪಕ್ಕದಿಂದ ಮುಂದಕ್ಕೆ ನೀರನ್ನು ನಿಧಾನವಾಗಿ ಸವರುತ್ತಾ ಹೋಗಬೇಕು. ಏನಾದರೂ ಕಂಡರೆ ತಕ್ಷಣ ಕೂಗಿ ಹೇಳಬೇಕು: ‘ಪಾರ್ಪಾಯಿಸ್, 40 ಡಿಗ್ರಿ, 200 ಮೀಟರ್, ಎರಡು.’ ಒಳಗೆ ಕಂಪ್ಯೂಟರ್ ಮುಂದೆ ಕೂತವರು ಅದನ್ನು ಹಾಗೇ ದಾಖಲಿಸುತ್ತಾರೆ. ಯಾವ ಪ್ರಾಣಿ, ದೋಣಿಯ ದಾರಿಯಿಂದ ಎಷ್ಟು ಕೋನದಲ್ಲಿ, ಎಷ್ಟು ದೂರದಲ್ಲಿ, ಎಷ್ಟು ಜೊತೆಗಿದ್ದವು, ಯಾವ ಕಡೆಗೆ ಹೋದವು. ಸ್ವಲ್ಪ ಹೊತ್ತಾದ ಮೇಲೆ ಪಾಳಿ ಬದಲು. ನೋಡುತ್ತಿದ್ದವರು ಕಂಪ್ಯೂಟರಿಗೆ, ಕಂಪ್ಯೂಟರಿನವರು ಟೀ ಕುಡಿಯಲು, ಟೀ ಕುಡಿದವರು ನೋಡಲು.

ಗಂಟೆಗಟ್ಟಲೆ ಏನೂ ಕಾಣುವುದಿಲ್ಲ. ನಿಮ್ಮ ಮಗಳಿಗೆ ಮೊದಲು ಇದನ್ನು ಹೇಳಿ. ಟಿವಿಯಲ್ಲಿ ತೋರಿಸುವ ಹಾಗೆ ತಿಮಿಂಗಿಲಗಳು ಸಾಲಾಗಿ ಹಾರುವುದಿಲ್ಲ. ಅಲ್ಲಿ ಅತಿ ಹೆಚ್ಚು ಸಿಗುವುದು ಹಾರ್ಬರ್ ಪಾರ್ಪಾಯಿಸ್. ಡಾಲ್ಫಿನ್ನಿನ ಸಂಬಂಧಿ, ಒಂದೂವರೆ ಮೀಟರ್ ಉದ್ದದ, ತುಂಬಾ ನಾಚಿಕೆಯ ಪ್ರಾಣಿ. ಚಿಕ್ಕದೊಂದು ತ್ರಿಕೋನದ ರೆಕ್ಕೆ ನೀರಿನ ಮೇಲೆ ಉರುಳಿ ಮರೆಯಾಗುತ್ತದೆ, ಅಷ್ಟೇ. ಅಲೆಯ ತುದಿಯಲ್ಲಿ ಬಿಳಿ ನೊರೆ ಶುರುವಾಯಿತೆಂದರೆ ಅದು ಕಣ್ಣಿಗೆ ಬೀಳುವುದು ತೀರಾ ಕಷ್ಟ. ಅದಕ್ಕೇ ಗಾಳಿ, ಅಲೆ, ಮೋಡ, ಬಿಸಿಲಿನ ಝಳ ಎಲ್ಲವನ್ನೂ ಆಗಾಗ ಬರೆದಿಡಬೇಕು. ‘ಏನೂ ಕಾಣಲಿಲ್ಲ’ ಎನ್ನುವುದನ್ನೂ ಬರೆದಿಡಬೇಕು.

ಈ ಕೆಲಸದ ಜೀವಾಳ ಇರುವುದೇ ಅಲ್ಲಿ. ಹತ್ತು ತಿಮಿಂಗಿಲ ಕಂಡವು ಅಂತ ಯಾರಾದರೂ ಹೇಳಿದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. 100 ಕಿಲೋಮೀಟರ್ ಹುಡುಕಿ ಹತ್ತು ಕಂಡವಾ, 1,000 ಕಿಲೋಮೀಟರ್ ಹುಡುಕಿ ಹತ್ತು ಕಂಡವಾ? ಎರಡಕ್ಕೂ ಅಜಗಜಾಂತರ. ಖಾಲಿ ಸಮುದ್ರವನ್ನು ಯಾರೋ ಒಬ್ಬರು ಕಣ್ಣು ಮಿಟುಕಿಸದೆ ನೋಡಿ, ಖಾಲಿ ಅಂತ ಬರೆದಿಟ್ಟಿದ್ದರೆ ಮಾತ್ರ ತುಂಬಿದ ಕಡೆಗೆ ಬೆಲೆ.

ನಿಮ್ಮ ಮಗಳಿಗೆ ನಾಗರಹೊಳೆಯ ಟ್ರಾನ್ಸೆಕ್ಟ್ ಗೊತ್ತಿರುತ್ತದೆ. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಅಲ್ಲಿ ಶುರು ಮಾಡಿದ ಅಧ್ಯಯನಗಳಲ್ಲಿ ಇದೇ ಲೆಕ್ಕ ಇತ್ತು. ಬೆಳಗಿನ ಜಾವ ನೇರ ಗೆರೆಯಲ್ಲಿ ಸದ್ದಿಲ್ಲದೆ ನಡೆಯುವುದು, ಜಿಂಕೆ, ಕಾಟಿ ಕಂಡರೆ ದೂರ ಮತ್ತು ಕೋನ ಬರೆದುಕೊಳ್ಳುವುದು. ಗೆರೆಯ ಹತ್ತಿರ ಇದ್ದದ್ದು ಸಾಮಾನ್ಯವಾಗಿ ತಪ್ಪಿಹೋಗುವುದಿಲ್ಲ. ದೂರ ಹೋದ ಹಾಗೆ ನಮ್ಮ ಕಣ್ಣಿಗೆ ತಪ್ಪುವುದು ಜಾಸ್ತಿ. ಎಷ್ಟು ತಪ್ಪಿರಬಹುದು ಅಂತ ಆ ದೂರಗಳಿಂದಲೇ ಲೆಕ್ಕ ಹಾಕುತ್ತಾರೆ. ಕಾಡಿಗೂ ಸಮುದ್ರಕ್ಕೂ ಲೆಕ್ಕ ಒಂದೇ. ಮೈಸೂರು ಸೀಮೆಯಿಂದ ಎಷ್ಟೋ ಹುಡುಗ ಹುಡುಗಿಯರು ಸಂಬಳ ಕೇಳದೆ ಆ ಗೆರೆಗಳಲ್ಲಿ ನಡೆದಿದ್ದಾರೆ. ನಿಮ್ಮ ಮಗಳು ಕೇಳುತ್ತಿರುವುದು ಅದೇ ಜಾತಿಯ ಕೆಲಸ.

ಕಿವಿಯ ಕೆಲಸವೂ ಇದೆ. ದೋಣಿಯ ಹಿಂದೆ ಉದ್ದನೆಯ ಕೇಬಲ್ಲಿನ ತುದಿಯಲ್ಲಿ ಹೈಡ್ರೋಫೋನ್ ಎಳೆದುಕೊಂಡು ಹೋಗುತ್ತಾರೆ. ನೀರೊಳಗಿನ ಮೈಕು ಅದು. ಗೊತ್ತಾದ ಹೊತ್ತಿಗೆ ಹೆಡ್‌ಫೋನ್ ಹಾಕಿಕೊಂಡು ಕೂತು, ಡಾಲ್ಫಿನ್ನಿನ ಸಿಳ್ಳೆ ಇದೆಯಾ, ಹಡಗಿನ ಸದ್ದು ಎಷ್ಟಿದೆ ಅಂತ ಅಂಕ ಹಾಕಬೇಕು. ಪಾರ್ಪಾಯಿಸ್ ಮಾತ್ರ ನಮ್ಮ ಕಿವಿಗೆ ಸಿಗುವುದಿಲ್ಲ. ಅದರ ಟಿಕ್ ಟಿಕ್ ಸದ್ದು ಸುಮಾರು 130 ಕಿಲೋಹರ್ಟ್ಸ್. ನಮ್ಮ ಕಿವಿ ಕೇಳುವುದು ಹೆಚ್ಚೆಂದರೆ 20. ಕಂಪ್ಯೂಟರಿನ ಪರದೆ ಮೇಲೆ ಚುಕ್ಕಿಗಳ ಸಾಲು ಮೂಡುತ್ತದೆ. ಹೊರಗೆ ನಿಂತವರು ‘ಏನೂ ಇಲ್ಲ’ ಅನ್ನುತ್ತಿರುವಾಗ ಒಳಗೆ ಆ ಚುಕ್ಕಿಗಳು ಒಂದೊಂದಾಗಿ ಸೇರುತ್ತಾ ಹೋಗುವುದನ್ನು ನೋಡಿ ನನಗೆ ಮೈ ಜುಂ ಎಂದಿತ್ತು. ದೋಣಿಯ ಕೆಳಗೇ ಪ್ರಾಣಿ ಇದೆ, ಮಾತಾಡುತ್ತಿದೆ, ನಮಗೆ ಗೊತ್ತಿಲ್ಲ.

ಇನ್ನು ಫೋಟೋ. ಬೆನ್ನಿನ ರೆಕ್ಕೆಯ ಕಚ್ಚು, ಗಾಯದ ಗುರುತುಗಳಿಂದ ಒಂದೊಂದು ಪ್ರಾಣಿಯನ್ನೂ ಬೇರೆ ಬೇರೆಯಾಗಿ ಗುರುತು ಹಿಡಿಯುತ್ತಾರೆ. ಆ ಕರಾವಳಿಯಲ್ಲಿ ಜಾನ್ ಕೋ ಅಂತ ಹೆಸರಿಟ್ಟ ಗಂಡು ಓರ್ಕಾ, ಅಂದರೆ ಕಿಲ್ಲರ್ ವೇಲ್, ಇದೆ. ಅದರ ರೆಕ್ಕೆಯ ಬುಡದಲ್ಲಿ ದೊಡ್ಡ ಕಚ್ಚು. ಅದರ ಗುಂಪಿನಲ್ಲಿ ಈಚಿನ ವರ್ಷಗಳಲ್ಲಿ ಕಾಣಿಸುತ್ತಿರುವುದು ಅದೂ ಅಕ್ವೇರಿಯಸ್ ಎಂಬ ಇನ್ನೊಂದು ಗಂಡೂ ಮಾತ್ರ. 2021ರ ಮೇ ತಿಂಗಳಲ್ಲಿ ಇವೆರಡೂ ಇಂಗ್ಲೆಂಡಿನ ತುದಿಯ ಕಾರ್ನ್‌ವಾಲ್ ಹತ್ತಿರ ಕಾಣಿಸಿಕೊಂಡವು. ಅಷ್ಟು ದೂರ ಬಂದದ್ದು ಇವೇ ಅಂತ ಗೊತ್ತಾದದ್ದು ರೆಕ್ಕೆಯ ಫೋಟೋದಿಂದ. ಅದೇ ಗುಂಪಿನ ಲುಲು ಎಂಬ ಹೆಣ್ಣು 2016ರಲ್ಲಿ ಮೀನುಗಾರಿಕೆಯ ಹಗ್ಗಕ್ಕೆ ಸಿಕ್ಕಿ ಸತ್ತು ದಡ ಸೇರಿತ್ತು. ಅದರ ಮೈಯ ಕೊಬ್ಬಿನಲ್ಲಿ ಪಿಸಿಬಿ ಎಂಬ ವಿಷ ವಿಪರೀತವಾಗಿತ್ತು. ಮರಿಗಳೇ ಆಗದ ಗುಂಪು ಅದು. ಓದಿದಾಗಲೆಲ್ಲ ಸಂಕಟವಾಗುತ್ತದೆ.

ಈಗ ದುಡ್ಡಿನ ಮಾತು. ದುಡ್ಡು ಕಟ್ಟಬೇಕು ಅನ್ನುವುದೊಂದನ್ನೇ ನೋಡಿ ಮೋಸ ಅನ್ನಲಾಗದು. ದೋಣಿಯ ಡೀಸೆಲ್, ರಿಪೇರಿ, ಕ್ಯಾಪ್ಟನ್ ಸಂಬಳ, ವಿಜ್ಞಾನಿಯ ಸಂಬಳ, ನಿಮ್ಮ ಮಗಳ ಊಟ ಎಲ್ಲ ಅದರಲ್ಲೇ ನಡೆಯಬೇಕು. ಸ್ಕಾಟ್‌ಲೆಂಡಿನಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಹೆಬ್ರಿಡಿಯನ್ ವೇಲ್ ಅಂಡ್ ಡಾಲ್ಫಿನ್ ಟ್ರಸ್ಟ್. 1994ರಲ್ಲಿ ಶುರುವಾದದ್ದು, ಮಲ್ ದ್ವೀಪದ ಟೊಬರ್ಮೋರಿಯಲ್ಲಿದೆ. ಅವರ ಹಾಯಿದೋಣಿಯ ಹೆಸರು ಸಿಲ್ಯೂರಿಯನ್. ಸ್ವಯಂಸೇವಕರು ವರ್ಷ ವರ್ಷ ಕೂಡಿಟ್ಟ ದಾಖಲೆಗಳು ಸುಮ್ನೆ ಕಪಾಟಿನಲ್ಲಿ ಕೂತಿಲ್ಲ. 2020ರಲ್ಲಿ ಸ್ಕಾಟ್‌ಲೆಂಡ್ ಸರ್ಕಾರ ಮಿಂಕಿ ತಿಮಿಂಗಿಲ ಮತ್ತು ಬಾಸ್ಕಿಂಗ್ ಶಾರ್ಕ್‌ಗಾಗಿ ಸೀ ಆಫ್ ದ ಹೆಬ್ರಿಡೀಸ್ ಎಂಬ ಸಂರಕ್ಷಿತ ಸಮುದ್ರವನ್ನು ಘೋಷಿಸಿತು. ಅದಕ್ಕೆ ಇಂಥ ದಾಖಲೆಗಳು ಆಧಾರವಾದವು. ಇಟಲಿಯಲ್ಲಿ 1986ರಿಂದ ಕೆಲಸ ಮಾಡುತ್ತಿರುವ ಟೆಥಿಸ್ ಸಂಸ್ಥೆಯೂ ಹೀಗೇ ಜನರನ್ನು ಕರೆದುಕೊಂಡು ಹೋಗುತ್ತದೆ. ಅಲ್ಲಿ ಫಿನ್ ತಿಮಿಂಗಿಲ, ಸ್ಪರ್ಮ್ ತಿಮಿಂಗಿಲ ಸಿಗುತ್ತವೆ.

ಆದರೂ ವಿಚಾರಿಸದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಸಂಸ್ಥೆ ಆ ದೇಶದಲ್ಲಿ ನೋಂದಣಿಯಾಗಿದೆಯಾ ಅಂತ ಸರ್ಕಾರದ ಪಟ್ಟಿಯಲ್ಲಿ ಮಗಳ ಕೈಯಲ್ಲೇ ಹುಡುಕಿಸಿ. ಅವರ ದಾಖಲೆಗಳಿಂದ ಯಾವ ಸಂಶೋಧನಾ ಲೇಖನ ಬಂದಿದೆ ಅಂತ ಕೇಳಲಿ. ಪ್ರಾಣಿಯ ಜೊತೆ ಈಜಿಸುತ್ತೇವೆ, ಮುಟ್ಟಿಸುತ್ತೇವೆ ಅನ್ನುವವರಾದರೆ ಅದು ಪ್ರವಾಸದ ವ್ಯಾಪಾರ, ಬಿಟ್ಟುಬಿಡಿ. ಹವಾಮಾನ ಕೆಟ್ಟು ದೋಣಿ ಹೊರಡದಿದ್ದರೆ ದುಡ್ಡು ಏನಾಗುತ್ತದೆ ಅಂತಲೂ ಬರೆಸಿಕೊಳ್ಳಿ. ಎಂಟ್ಹತ್ತು ದಿನಕ್ಕೆ ದೋಣಿಯ ಶುಲ್ಕವೇ ಲಕ್ಷ ದಾಟುವುದುಂಟು. ವಿಮಾನ, ವೀಸಾ, ವಿಮೆ, ಚಳಿ ಬಟ್ಟೆ ಸೇರಿ ಅದರ ಎರಡರಷ್ಟೋ ಇನ್ನೂ ಜಾಸ್ತಿಯೋ ತಯಾರಿಟ್ಟುಕೊಳ್ಳಿ. ಸಾಲ ಮಾಡಬೇಡಿ. ಕಬ್ಬಿನ ಬಿಲ್ಲು ತಡವಾದರೆ ಮುಂದಿನ ವರ್ಷ ಹೋಗಲಿ. ಸ್ಕಾಟ್‌ಲೆಂಡಿನಲ್ಲಿ ಕೆಲಸ ನಡೆಯುವುದು ವಸಂತದಿಂದ ಶರತ್ಕಾಲದವರೆಗೆ, ಪ್ರತಿ ವರ್ಷ. ಬ್ರಿಟನ್ನಿನ ವಿಸಿಟರ್ ವೀಸಾದಲ್ಲಿ ನೋಂದಾಯಿತ ದತ್ತಿ ಸಂಸ್ಥೆಗೆ 30 ದಿನದವರೆಗೆ ಸ್ವಯಂಸೇವೆ ಮಾಡಲು ಅವಕಾಶ ಇದೆ. ಅರ್ಜಿಯಲ್ಲಿ ಇದನ್ನು ಮುಚ್ಚಿಡದೆ ಬರೆಯಬೇಕು.

ಒಬ್ಬಳೇ ಹೋಗುವ ಚಿಂತೆ ನನಗೂ ಅರ್ಥವಾಗುತ್ತದೆ. ನಾನಿದ್ದ ದೋಣಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರೇ ಇದ್ದರು. ಸಂಜೆಯಾದರೆ ಯಾವುದಾದರೂ ದ್ವೀಪದ ಮರೆಯಲ್ಲಿ ಲಂಗರು ಹಾಕುತ್ತಿದ್ದರು, ರಾತ್ರಿಯಿಡೀ ಸಮುದ್ರದ ನಡುವೆ ಇರುವುದಿಲ್ಲ. ಲೈಫ್ ಜಾಕೆಟ್ ಇಲ್ಲದೆ ಮೇಲೆ ಬರಲು ಬಿಡುತ್ತಿರಲಿಲ್ಲ. ಮಲಗುವ ಜಾಗ ಇಕ್ಕಟ್ಟು, ರೈಲಿನ ಬರ್ತಿನ ಹಾಗೆ. ಬೀಳದಂತೆ ಪಕ್ಕಕ್ಕೆ ಬಟ್ಟೆ ಕಟ್ಟಿರುತ್ತದೆ. ಸ್ನಾನ ದಿನಾ ಸಿಗುವುದಿಲ್ಲ. ಅಡುಗೆ, ಪಾತ್ರೆ ಎಲ್ಲರಿಗೂ ಸರದಿ. ಅಲ್ಲಿನ ಒಲೆ ನೋಡಬೇಕು ನೀವು. ದೋಣಿ ಎತ್ತ ವಾಲಿದರೂ ಅದು ತೂಗಿಕೊಂಡು ಮಟ್ಟವಾಗೇ ನಿಲ್ಲುತ್ತದೆ, ಮೇಲಿಟ್ಟ ನೀರು ಚೆಲ್ಲುವುದಿಲ್ಲ. ನನ್ನ ಸರದಿಯ ದಿನ ಉಪ್ಪಿಟ್ಟು ಮಾಡಿದ್ದೆ. ಮನೆಯಿಂದ ಒಯ್ದಿದ್ದ ಚಟ್ನಿಪುಡಿಯನ್ನು ಕ್ಯಾಪ್ಟನ್ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದರು. ಮಗಳು ಸಸ್ಯಾಹಾರಿಯಾದರೆ ಮೊದಲೇ ತಿಳಿಸಲಿ, ಅದೇನು ತೊಂದರೆಯಾಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಕಳಿಸಿ. ಹೊರಡುವ ಮೊದಲು ಅವಳು ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಒಂದು ಬೆಳಗ್ಗೆ ಎರಡು ಗಂಟೆ ಒಂದೇ ಕಡೆ ನಿಂತು, ನೀರಿನ ಮೇಲಿನ ಹಕ್ಕಿಗಳನ್ನು ಹತ್ತು ನಿಮಿಷಕ್ಕೊಮ್ಮೆ ಎಣಿಸಿ ಬರೆಯಲಿ, ಮೊಬೈಲ್ ಮುಟ್ಟದೆ. ಅದು ಅವಳಿಗೆ ಹಿಡಿಸಿದರೆ ದೋಣಿಯೂ ಹಿಡಿಸುತ್ತದೆ.

ಪ್ರಶ್ನೆ: ನನಗೆ 58 ವರ್ಷ. ಮಡಿಕೇರಿ ಬಸ್ಸಿನಲ್ಲೇ ವಾಂತಿಯಾಗುತ್ತದೆ. ಇಂಥವರು ಹಾಯಿದೋಣಿಯಲ್ಲಿ ಹೋಗಬಹುದೇ?
ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ವಯಸ್ಸು ಅಡ್ಡಿಯಾಗದು. ಏಣಿ ಹತ್ತಿ ಇಳಿಯಲು, ಅಲುಗಾಡುವ ಕಡೆ ನಿಲ್ಲಲು ಮಂಡಿ ಗಟ್ಟಿ ಇರಬೇಕು, ಅಷ್ಟೇ. ವಾಂತಿಗೆ ಮಾತ್ರೆ ಇದೆ. ಯಾವುದು, ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಬಿಪಿ, ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದರೆ ತಪ್ಪದೆ ಹೇಳಿ. ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಕೆಲಸ ಮಾಡದು. ಹೊಟ್ಟೆ ಖಾಲಿ ಬಿಡಬೇಡಿ. ಮೇಲೆ ಗಾಳಿಯಲ್ಲಿ ನಿಂತು ದೂರದ ದಿಗಂತ ನೋಡಿ. ಕೆಳಗೆ ಹೋಗಿ ಕಂಪ್ಯೂಟರ್ ನೋಡುವ ಪಾಳಿ ಮೊದಲ ದಿನ ನಿಮಗೆ ಬೇಡ ಅಂತ ಕೇಳಿಕೊಳ್ಳಿ, ಕೊಡುವುದಿಲ್ಲ. ಬಹಳ ಜನಕ್ಕೆ ಎರಡು ಮೂರು ದಿನದಲ್ಲಿ ಮೈ ಒಗ್ಗಿಹೋಗುತ್ತದೆ.

ಪ್ರಶ್ನೆ: ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ವಿದೇಶಕ್ಕೆ ಹೋಗುವಷ್ಟು ದುಡ್ಡು ನಮ್ಮ ಮನೆಯಲ್ಲಿಲ್ಲ. ಇಲ್ಲೇ ಏನಾದರೂ ಮಾಡಬಹುದಾ?
ವಿದ್ಯಾರ್ಥಿ, ಮದ್ದೂರು

ಉತ್ತರ: ಖಂಡಿತ ಮಾಡಬಹುದು ಕಣಪ್ಪ. ನಮ್ಮ ಸಮುದ್ರದ ಬಗ್ಗೆ ತಿಳಿಯಬೇಕಾದದ್ದೇ ಜಾಸ್ತಿ ಉಳಿದಿದೆ. ಲಕ್ಷದ್ವೀಪದ ಕವರತ್ತಿ ಹತ್ತಿರ 2018ರ ಕೊನೆಯಿಂದ 2020ರವರೆಗೆ ನೀರೊಳಗೆ ಮೈಕು ಇಟ್ಟು ದಿವ್ಯಾ ಪಣಿಕ್ಕರ್ ಮತ್ತು ಕೇಟ್ ಸ್ಟಾಫರ್ಡ್ ಎಂಬ ಸಂಶೋಧಕಿಯರು ನೀಲಿ ತಿಮಿಂಗಿಲದ ಹಾಡು ಹಿಡಿದರು. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇರೆ ಕಡೆಯವುಗಳ ಹಾಗೆ ಧ್ರುವದ ಕಡೆ ವಲಸೆ ಹೋಗದೆ ಇಲ್ಲೇ ಇರುತ್ತವೆ. ಅವು ತೀರಾ ಕಡಿಮೆ ಉಳಿದಿವೆ. ಲುಬಾನ್ ಎಂದು ಹೆಸರಿಟ್ಟ ಒಂದು ಹೆಣ್ಣಿಗೆ 2017ರಲ್ಲಿ ಒಮಾನಿನಲ್ಲಿ ಉಪಗ್ರಹದ ಟ್ಯಾಗ್ ಹಾಕಿದ್ದರು. ಅದು ಅರಬ್ಬಿ ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಗೇ ಬಂತು.

ನಿನಗೆ ಕೈಗೆಟುಕುವುದು ಕಾರವಾರ, ಗೋಕರ್ಣದ ಕಡೆಯ ಹಂಪ್‌ಬ್ಯಾಕ್ ಡಾಲ್ಫಿನ್. ಬೆನ್ನಿನ ಮೇಲೆ ಗುಡ್ಡೆಯಂತೆ ಉಬ್ಬು, ಅದರ ಮೇಲೆ ಚಿಕ್ಕ ರೆಕ್ಕೆ. ದಡದ ಹತ್ತಿರದ ಆಳವಿಲ್ಲದ ನೀರು, ನದಿ ಸಮುದ್ರ ಸೇರುವ ಜಾಗ ಅದಕ್ಕೆ ಇಷ್ಟ. ಕಾಳಿ, ಅಘನಾಶಿನಿ ಅಳಿವೆಗಳ ಕಡೆ ನೋಡು. ಎತ್ತರದ ಬಂಡೆ ಮೇಲೆ ಕೂತರೆ ದೋಣಿಯೇ ಬೇಡ. ಅಪಾಯದಲ್ಲಿರುವ ಪ್ರಾಣಿ ಅದು, ದಡಕ್ಕೆ ಅಂಟಿಕೊಂಡೇ ಬದುಕುವುದರಿಂದ ಬಲೆ, ಬಂದರು, ಕೊಳಚೆ ಎಲ್ಲದರ ಪೆಟ್ಟೂ ಮೊದಲು ಅದಕ್ಕೇ ಬೀಳುತ್ತದೆ. ಪ್ರವಾಸಿ ದೋಣಿಯಲ್ಲಿ ಹೋಗುವುದಾದರೆ ಬೆನ್ನಟ್ಟಬೇಡಿ, ದೂರದಲ್ಲೇ ಇಂಜಿನ್ ನಿಲ್ಲಿಸಿ ಅಂತ ದೋಣಿಯವರಿಗೆ ಮೊದಲೇ ಹೇಳು. ಕೇಳುವ ಗಿರಾಕಿ ಇದ್ದರೆ ಅವರೂ ಕೇಳುತ್ತಾರೆ. ಮಳೆಗಾಲ ಮುಗಿದು ಸಮುದ್ರ ತಣ್ಣಗಾದ ಮೇಲೆ, ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗು. ಬೆಳಗ್ಗೆ ಗಾಳಿ ಏಳುವ ಮೊದಲು ನೀರು ಕನ್ನಡಿ ಥರ ಇರುತ್ತದೆ.

ಕಂಡದ್ದನ್ನು ನಿನ್ನ ಮೊಬೈಲಿನಲ್ಲೇ ಇಟ್ಟುಕೊಳ್ಳಬೇಡ. ಮರೈನ್ ಮ್ಯಾಮಲ್ ರಿಸರ್ಚ್ ಅಂಡ್ ಕನ್ಸರ್ವೇಶನ್ ನೆಟ್‌ವರ್ಕ್ ಆಫ್ ಇಂಡಿಯಾ ಎಂಬ ಬಳಗ ದೇಶದ ಎಲ್ಲ ಕಡೆಯಿಂದ ಇಂಥ ಮಾಹಿತಿ ಕಲೆಹಾಕುತ್ತದೆ, ಯಾರು ಬೇಕಾದರೂ ಕಳಿಸಬಹುದು. ಸತ್ತು ದಡಕ್ಕೆ ಬಿದ್ದದ್ದು ಕಂಡರೂ ಕಳಿಸು. ಅದರ ಹಲ್ಲು, ಮೂಳೆ ಮುಟ್ಟಬೇಡ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಅರಣ್ಯ ಇಲಾಖೆಗೆ ಫೋನ್ ಮಾಡು. ಇನ್ನೂ ಉಸಿರಾಡುತ್ತಿದ್ದರೆ ಜನ ಸುತ್ತುವರಿಯದಂತೆ ತಡೆ, ಮೈ ಮೇಲೆ ಒದ್ದೆ ಬಟ್ಟೆ ಹಾಕು, ತಲೆಯ ಮೇಲಿನ ಉಸಿರಿನ ರಂಧ್ರಕ್ಕೆ ಮಾತ್ರ ನೀರು ಹೋಗಬಾರದು, ಬಾಲ ಹಿಡಿದು ಎಳೆಯಬಾರದು. ಫೋಟೋ ಸಿಗದಿದ್ದರೂ ಪರವಾಗಿಲ್ಲ. ದಿನಾಂಕ, ಗಂಟೆ, ಜಾಗ, ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆ ಎನ್ನುವುದನ್ನು ಬರೆದುಕೋ. ಏನೂ ಕಾಣದ ದಿನವೂ ಬರೆದುಕೋ.