ಸಿಯಾಟಲ್ ಚೈನಾಟೌನ್‌ನಲ್ಲಿ ಮನೆ ಮಾಡಬಹುದಾ ಎಂದು ಕೇಳಿದ್ದೀರಿ

ನಿಮ್ಮ ಪ್ರಶ್ನೆ ಓದಿದೆ. ಮುಂದಿನ ತಿಂಗಳು ಸಿಯಾಟಲ್‌ಗೆ ಬರುತ್ತಿದ್ದೀರಿ, ಆಫೀಸು ಡೌನ್‌ಟೌನ್‌ನಲ್ಲಿ. ಚೈನಾಟೌನ್ ಕಡೆ ಬಾಡಿಗೆ ಕಡಿಮೆ ಅಂತ ಒಬ್ಬರು ಹೇಳಿದ್ದಾರೆ, ಆ ಕಡೆ ತಲೆ ಹಾಕಲೇಬೇಡಿ ಅಂತ ಇನ್ನೊಬ್ಬರು. ನಮ್ಮ ಕನ್ನಡದವರು ಜಾಸ್ತಿ ಇರುವುದು ಲೇಕ್ ವಾಷಿಂಗ್ಟನ್ ಆಚೆ, ಬೆಲ್‌ವ್ಯೂ, ರೆಡ್ಮಂಡ್ ಕಡೆ. ನಾನೂ ಅಲ್ಲೇ ಇದ್ದೇನೆ. ಆದರೆ ತರಕಾರಿಗೆ, ಊಟಕ್ಕೆ ಅಂತ ಎಷ್ಟೋ ವರ್ಷದಿಂದ ಆ ಬೀದಿಗಳಲ್ಲಿ ಓಡಾಡಿದ್ದೇನೆ, ಆ ಜಾಗ ನನಗೆ ಬಹಳ ಇಷ್ಟ.

ಹೆದರಿಕೆಯ ಮಾತು ಮೊದಲು ಮುಗಿಸೋಣ. 12ನೇ ಅವೆನ್ಯೂ, ಜಾಕ್ಸನ್ ಸ್ಟ್ರೀಟ್ ಸೇರುವ ಮೂಲೆಯಲ್ಲಿ ಡ್ರಗ್ಸ್ ಕಾಟ ಇದೆ. ರಾತ್ರಿ ಅಲ್ಲಿ ಒಬ್ಬರೇ ಹೋಗಬೇಡಿ. ಅದೊಂದು ಮೂಲೆ ನೋಡಿ ಇಡೀ ಏರಿಯಾಗೆ ಕೆಟ್ಟ ಹೆಸರು ಕೊಡುವುದು ಮಾತ್ರ ಅನ್ಯಾಯ.

ಇನ್ನು ಬಾಡಿಗೆ. ಅಲ್ಲಿ ಕಡಿಮೆ ಬಾಡಿಗೆಯ ಮನೆಗಳು ಇರುವುದು ನಿಜ. ಆದರೆ ಅವುಗಳಲ್ಲಿ ಬಹಳಷ್ಟು ಕಡಿಮೆ ಆದಾಯದವರಿಗೇ ಮೀಸಲು. ಅರ್ಜಿ ಹಾಕುವಾಗ ಸಂಬಳ ಎಷ್ಟು ಅಂತ ತೋರಿಸಬೇಕು. ನಿಮ್ಮ ಸಾಫ್ಟ್‌ವೇರ್ ಸಂಬಳಕ್ಕೆ ಅವು ಸಿಗುವುದಿಲ್ಲ. ಸಿಗಲೂಬಾರದು. ಆ ಮನೆಗಳನ್ನು ಉಳಿಸಿಕೊಳ್ಳಲು ಅಲ್ಲಿನ ಜನ ಪಟ್ಟ ಪಾಡು ಅಷ್ಟಿಷ್ಟಲ್ಲ.

ಚೀನಾ, ಜಪಾನ್, ಫಿಲಿಪ್ಪೀನ್ಸ್‌ನಿಂದ ದುಡಿಯಲು ಬಂದವರು ಕಟ್ಟಿದ ಬಡಾವಣೆ ಅದು. ವಿಯೆಟ್ನಾಮಿನವರು ಆಮೇಲೆ ಬಂದರು. 1942ರಲ್ಲಿ ಅಲ್ಲಿನ ಜಪಾನಿ ಕುಟುಂಬಗಳನ್ನು ಸರ್ಕಾರ ಎಬ್ಬಿಸಿ ಯುದ್ಧಕಾಲದ ಬಂಧನ ಕ್ಯಾಂಪಿಗೆ ಕಳಿಸಿತು. ಹೋಗುವವರು ಪನಾಮಾ ಹೋಟೆಲ್‌ನ ನೆಲಮಾಳಿಗೆಯಲ್ಲಿ ಪೆಟ್ಟಿಗೆ, ಸೂಟ್‌ಕೇಸ್ ಇಟ್ಟು ಹೋದರು. ಎಷ್ಟೋ ಜನ ಅವನ್ನು ತೆಗೆದುಕೊಳ್ಳಲು ವಾಪಸ್ ಬರಲೇ ಇಲ್ಲ. 60ರ ದಶಕದಲ್ಲಿ ಐ-5 ಹೆದ್ದಾರಿ ಬಡಾವಣೆಯನ್ನು ಸೀಳಿಕೊಂಡು ಹೋಯಿತು. 1970ರಲ್ಲಿ ಡೌನ್‌ಟೌನ್‌ನ ಓಝಾರ್ಕ್ ಹೋಟೆಲ್‌ಗೆ ಬೆಂಕಿ ಬಿದ್ದ ಮೇಲೆ ಅಗ್ನಿ ಸುರಕ್ಷತೆಯ ನಿಯಮ ಬಿಗಿಯಾಯಿತು. ರಿಪೇರಿಗೆ ದುಡ್ಡಿಲ್ಲದ ಮಾಲೀಕರು ಬಡಾವಣೆಯ ಹಳೇ ಹೋಟೆಲ್‌ಗಳ ಮೇಲಿನ ಮಹಡಿಗಳಿಗೆ ಬೀಗ ಹಾಕಿದರು. ಅಲ್ಲಿ ಒಂದೊಂದು ರೂಮಿನಲ್ಲಿ ಇದ್ದ ವಯಸ್ಸಾದ ಕೂಲಿಕಾರರು ಎಲ್ಲಿಗೆ ಹೋಗಬೇಕು ಹೇಳಿ? ಅಷ್ಟರಲ್ಲಿ ಪಕ್ಕದಲ್ಲೇ ಕಿಂಗ್‌ಡೋಮ್ ಸ್ಟೇಡಿಯಂ ಬಂತು. 1972ರ ಭೂಮಿಪೂಜೆಯ ದಿನ ಬಡಾವಣೆಯ ಪರ ನಿಂತ ಹುಡುಗರು ಹೋಗಿ ಪ್ರತಿಭಟಿಸಿದರು. ಸ್ಟೇಡಿಯಂ ಕೆಲಸ ಮಾತ್ರ ನಿಲ್ಲಲಿಲ್ಲ.

ಆದರೆ ಅವರು ಸುಮ್ನೆ ಕೂರಲಿಲ್ಲ. ಬಾಬ್ ಸ್ಯಾಂಟೋಸ್ ಅಂತ ಫಿಲಿಪಿನೋ ಮೂಲದ ಒಬ್ಬರು ಮುಂದೆ ನಿಂತರು. ಎಲ್ಲರೂ ಅವರನ್ನು 'ಅಂಕಲ್ ಬಾಬ್' ಅಂತಲೇ ಕರೆಯುತ್ತಿದ್ದರು. 1975ರಲ್ಲಿ ನಗರಸಭೆಯ ಸನ್ನದಿನಡಿ ಎಸ್‌ಸಿಐಡಿಪಿಡಿಎ ಎಂಬ, ಬಡಾವಣೆಯನ್ನು ಉಳಿಸಿ ಬೆಳೆಸುವ ಸಂಸ್ಥೆ ಹುಟ್ಟಿತು. ಅದರ ಕೆಲಸ ಮನವಿ ಪತ್ರ ಕೊಡುವುದಲ್ಲ, ಕಟ್ಟಡ ಕೊಳ್ಳುವುದು. ಬುಷ್ ಹೋಟೆಲ್ ಕೊಂಡು ರಿಪೇರಿ ಮಾಡಿಸಿದರು. ಕೆಳಗೆ ಅಂಗಡಿ, ಮೇಲೆ ಮನೆ. ಮಾಲೀಕತ್ವ ಬಡಾವಣೆಯ ಕೈಯಲ್ಲೇ ಇದ್ದರೆ, ನಾಳೆ ಯಾರೋ ದುಪ್ಪಟ್ಟು ರೇಟು ಕೊಡುತ್ತಾರೆ ಅಂತ ಬಾಡಿಗೆದಾರರನ್ನು ಹೊರಗೆ ಹಾಕುವ ಪ್ರಶ್ನೆಯೇ ಬರುವುದಿಲ್ಲ, ಅಲ್ವಾ? 1998ರಲ್ಲಿ ವಿಲೇಜ್ ಸ್ಕ್ವೇರ್ ಕಟ್ಟಿದರು. ಕ್ಲಿನಿಕ್, ಶಿಶುವಿಹಾರ, ವಯಸ್ಸಾದವರಿಗೆ ಮನೆ, ಎಲ್ಲ ಒಂದೇ ಕಡೆ.

ಈ ಬುದ್ಧಿ ಅಲ್ಲಿ ಹೊಸದೇನಲ್ಲ. 1910ರಲ್ಲೇ 170 ಚೀನೀ ವಲಸಿಗರು, ನಮ್ಮಲ್ಲಿ ಚೀಟಿ ಹಾಕಿದ ಹಾಗೆ, ದುಡ್ಡು ಸೇರಿಸಿ ಕಾಂಗ್ ಯಿಕ್ ಕಟ್ಟಡಗಳನ್ನು ಎಬ್ಬಿಸಿದ್ದರು. ಅದರಲ್ಲೊಂದು 2008ರಿಂದ ಏಷ್ಯನ್ ವಲಸಿಗರ ಕಥೆ ಹೇಳುವ ವಿಂಗ್ ಲ್ಯೂಕ್ ಮ್ಯೂಸಿಯಂ ಆಗಿದೆ. ಅಲ್ಲಿ ಟೂರ್ ತೆಗೆದುಕೊಳ್ಳಿ. ಮೇಲಿನ ಮಹಡಿಯ ಹಳೇ ರೂಮುಗಳನ್ನು ನೋಡಿದರೆ, ನಾವು ಎಚ್-1ಬಿ ವೀಸಾ ಹಿಡಿದು ಬಂದು ಪಡುವ ಕಷ್ಟ ಏನೂ ಅಲ್ಲ ಅನಿಸುತ್ತದೆ. ಅಲ್ಲಿಂದ ಡ್ಯಾನಿ ವೂ ತೋಟಕ್ಕೆ ಹತ್ತಿ. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಾತಿ. ಅಜ್ಜಿಯರು ಟೋಪಿ ಹಾಕಿ ಕೂತು ಸೊಪ್ಪು ಕೀಳುತ್ತಿರುತ್ತಾರೆ. ಅದೂ ಶುರುವಾಗಿದ್ದು 1975ರಲ್ಲೇ.

ಹಾಗಂತ ಎಲ್ಲ ಸುಖವಾಗಿದೆ ಅಂತಲ್ಲ. ಆ ಬಡಾವಣೆಯಲ್ಲೇ ಹೊಸ ರೈಲು ಮಾರ್ಗದ ಯೋಜನೆ ಬಂದಾಗ, 2023ರಲ್ಲಿ, ದೇಶದಲ್ಲೇ ಹೆಚ್ಚು ಅಪಾಯದಲ್ಲಿರುವ 11 ಐತಿಹಾಸಿಕ ತಾಣಗಳ ಪಟ್ಟಿಗೆ ಈ ಬಡಾವಣೆಯೂ ಸೇರಿತು.

ಮನೆ ಮಾಡುವುದಾದರೆ ಮಾರ್ಕೆಟ್ ಬಾಡಿಗೆಯ ಅಪಾರ್ಟ್‌ಮೆಂಟ್‌ಗಳೂ ಇವೆ, ಅವನ್ನು ನೋಡಿ. ಏರ್‌ಪೋರ್ಟಿನಿಂದ ಲೈಟ್ ರೈಲ್ ನೇರ ಅಲ್ಲಿಗೇ ಬರುತ್ತದೆ, ಆಫೀಸಿಗೂ ಕಾರು ಬೇಡ. ಕಾರು ಇಟ್ಟುಕೊಳ್ಳುವುದಾದರೆ ಪಾರ್ಕಿಂಗ್ ಸೇರಿಸಿಯೇ ಲೀಸ್ ಮಾಡಿ. ಪಕ್ಕದ ಸ್ಟೇಡಿಯಂಗಳಲ್ಲಿ ಮ್ಯಾಚ್ ಇದ್ದ ದಿನ ರಸ್ತೆಯಲ್ಲಿ ಜಾಗ ಸಿಗುವುದಿಲ್ಲ. ಸಾಮಾನನ್ನು ಆನ್‌ಲೈನ್‌ನಲ್ಲಿ ತರಿಸಬೇಡಿ, ಕೆಳಗಿನ ಅಂಗಡಿಗಳಲ್ಲೇ ಕೊಳ್ಳಿ. ಅದೇ ಬಡಾವಣೆಯ ಲಿಟಲ್ ಸೈಗಾನ್ ಭಾಗದ ವಿಯೆಟ್ನಾಮಿ ಅಂಗಡಿಗಳಲ್ಲಿ ಹಾಗಲಕಾಯಿ, ಹಲಸು, ಬಾಳೆ ಹೂವು ಸಿಗುತ್ತವೆ. ಗಣೇಶನ ಹಬ್ಬಕ್ಕೆ ಬಾಳೆಎಲೆಯೂ ಅಲ್ಲೇ, ಫ್ರೀಜರ್‌ನಲ್ಲಿ ಹುಡುಕಿ.